ಪದ್ಮಿನಿ ಗೇರ್‌ಬಾಕ್ಸ್ ರೀಬಿಲ್ಡ್: 7 ವಾರ, 31,400 ರೂಪಾಯಿ, ಫಸ್ಟ್ ಗೇರ್ ಇನ್ನೂ ಕಿರ್ರ್

ಮೊದ್ಲೇ ಹೇಳ್ಬಿಡ್ತೀನಿ, ಇಷ್ಟೆಲ್ಲಾ ಖರ್ಚು ಮಾಡಿದ್ಮೇಲೂ ಗಾಡಿ ಓಡ್ತಿರುವಾಗ ಫಸ್ಟ್ ಗೇರ್ ಹಾಕೋಕೆ ಹೋದ್ರೆ ಕಿರ್ರ್ ಅನ್ನತ್ತೆ. ಆದ್ರೂ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೀಬೇಕು, ಟೈಮ್ ಇದ್ರೆ ಓದಿ.

ಗಾಡಿ 1979ರ ಪ್ರೀಮಿಯರ್ ಪದ್ಮಿನಿ, ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪದ್ಮಿನಿ ಅಂತ ಆರ್‌ಸಿ ಬುಕ್ಕಲ್ಲಿದ್ರೂ ನಮ್ಮನೇಲಿ ಯಾವತ್ತೂ ಫಿಯಟ್ಟೇ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕ ಕೈ ಗೇರು, ನಾಲ್ಕು ಗೇರು ಒಂದು ರಿವರ್ಸು. ಹೋದ ವರ್ಷ ಉಡುಪೀಲಿ ಒಂದು ಮದ್ವೆಗೆ ಹೋಗ್ತಾ ಆಗುಂಬೆ ಘಾಟಿ ಇಳೀತಿದ್ದೆ, ಸೆಕೆಂಡ್ ಗೇರಲ್ಲಿ, ಮೂರನೇದೋ ನಾಲ್ಕನೇದೋ ತಿರುವಲ್ಲಿ ಟಕ್ ಅಂತ ಲಿವರ್ ತಾನೇ ಜಾರಿ ನ್ಯೂಟ್ರಲ್‌ಗೆ ಬಿತ್ತು. ಇಂಜಿನ್ ಹಿಡಿತ ಹೋಯ್ತು, ಗಾಡಿ ಸುಮ್ನೆ ಜಾರ್ತಾ ಇದೆ, ಪಕ್ಕದಲ್ಲಿ ಅಮ್ಮ ತೊಡೆ ಮೇಲೆ ಹೂವಿನ ಬುಟ್ಟಿ ಇಟ್ಕೊಂಡು ಕೂತಿದಾರೆ, ಅವ್ರಿಗೆ ಗೊತ್ತೇ ಆಗ್ಲಿಲ್ಲ. ಉಳಿದ ತಿರುವೆಲ್ಲಾ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಲಿವರ್ ಒತ್ತಿ ಹಿಡ್ಕೊಂಡೇ ಇಳಿದಿದ್ದು. ಸೋಮೇಶ್ವರ ತಲುಪೋ ಹೊತ್ತಿಗೆ ಬ್ರೇಕ್ ವಾಸನೆ, ಕೈ ನಡುಕ.

ವಾಪಸ್ ಬಂದು ಮೊದ್ಲು ಹೋಗಿದ್ದು ಮನೆ ಹತ್ರದ ದೊಡ್ಡ ಗ್ಯಾರೇಜ್‌ಗೆ. ಹೆಸರು ಬೇಡ. ಎಸಿ ವೇಟಿಂಗ್ ರೂಮ್ ಇದೆ, ಕಾಫಿ ಮೆಷಿನ್ ಇದೆ. ಅವ್ರು ಗೇರ್‌ಬಾಕ್ಸ್ ಬಿಚ್ಚಲೇ ಇಲ್ಲ. ಕ್ಲಚ್ ಪ್ಲೇಟ್ ಹಾಕಿ, ಆಯಿಲ್ ಬದಲಾಯಿಸಿ 'ಈಗ ಟೈಟ್ ಇದೆ ಸರ್' ಅಂದ್ರು. ಎರಡು ವಾರಕ್ಕೆ ಮತ್ತೆ ಅದೇ ಕತೆ. ಎರಡನೇ ಸಲ ಹೋದಾಗ ಅವ್ರ ಐಡಿಯಾ ಏನಪ್ಪಾ ಅಂದ್ರೆ ಈ ಗೇರ್‌ಬಾಕ್ಸೇ ಎಸೆದು ಬೇರೆ ಕಂಪ್ನಿ ಫೈವ್ ಸ್ಪೀಡ್ ಹಾಕಿ ಫ್ಲೋರ್ ಶಿಫ್ಟ್ ಮಾಡಿಬಿಡೋಣ, ಅಂದ್ರೆ ಗೇರ್ ಲಿವರ್ ಸ್ಟೀರಿಂಗ್ ಬಿಟ್ಟು ನೆಲಕ್ಕೆ ಬರತ್ತೆ ಅಂತ. ಕೇಳೋಕೆ ಚೆನ್ನಾಗಿತ್ತು, ಎರಡು ದಿನ ನನಗೂ ಆಸೆ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಕೂತು ಲೆಕ್ಕ ಹಾಕ್ದೆ: ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸ್ಬೇಕು, ಗೇರ್‌ಬಾಕ್ಸಿಂದ ಹಿಂದಿನ ಚಕ್ರದ ಕಡೆ ಹೋಗೋ ಜಾಯಿಂಟ್ ಶಾಫ್ಟ್ ಉದ್ದ ಬದಲಾಗತ್ತೆ ಅಂದ್ರೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸ್ಬೇಕು, ಗೇರ್‌ಬಾಕ್ಸ್ ಹೊರೋ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಹೊಸದಾಗಿ ವೆಲ್ಡ್ ಆಗ್ಬೇಕು, ಲಿವರ್ ಮೇಲೆ ಬರೋಕೆ ಫ್ಲೋರ್ ಕಟ್ ಮಾಡ್ಬೇಕು, ಸ್ಪೀಡೋಮೀಟರ್ ಸುಳ್ಳು ಹೇಳೋಕೆ ಶುರು ಮಾಡತ್ತೆ. ಇನ್ನೊಂದು, 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗತ್ತೆ, ಆದ್ರೆ ಗಾಡಿ ಒರಿಜಿನಲ್ ರೂಪದಲ್ಲಿ ಇರ್ಬೇಕು, ಚಾಸಿ ಬಾಡಿ ಇಂಜಿನ್‌ಗೆ ಕೈ ಹಾಕಿರಬಾರದು. ನಮ್ದಕ್ಕೆ ಇನ್ನೇನು ಆ ವಯಸ್ಸು ಬರ್ತಿದೆ, ಈಗ ಹೊಟ್ಟೆ ಕೊಯ್ಸಿ ಕೂರ್ಸೋದಾ? ಕೊನೆ ಕೊನೆಗೆ ಬಂದ ಎಸ್1 ಪದ್ಮಿನಿಗಳಲ್ಲಿ ಕಂಪ್ನಿಯೇ ಫ್ಲೋರ್ ಶಿಫ್ಟ್ ಕೊಟ್ಟಿತ್ತು, ಅದು ಬೇರೆ ಮಾತು.

ಆಮೇಲೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ಬೇರಿಂಗ್ ಅಂಗಡಿಯೋರೊಬ್ರು ಹೇಳಿ ಕಳ್ಸಿದ್ದು ಈ ಮೆಕ್ಯಾನಿಕ್ ಭಾಯ್ ಹತ್ರ. ಶೆಡ್ಡಿಗೆ ಬೋರ್ಡೂ ಇಲ್ಲ, ಒಂದು ಹೊಂಗೆ ಮರ, ಅದರ ಕೆಳಗೆ ಮೂರು ಅಂಬಾಸಿಡರ್, ಎರಡು ಫಿಯಟ್. 'ಎಲ್ಲೂ ಬರೀಬೇಡಿ ಸಾರ್, ಇರೋ ಕೆಲ್ಸನೇ ಮುಗೀತಿಲ್ಲ' ಅಂದಿದಾರೆ, ಹಂಗಾಗಿ ಹೆಸರು ನಂಬರ್ ಹಾಕ್ತಿಲ್ಲ. ರಿವ್ಯೂ ಬರೆದು ಅಡ್ರೆಸ್ ಕೊಡದೇ ಇರೋದು ಪಂಕ್ತೀಲಿ ಕೂರ್ಸಿ ಎಲೆ ಹಾಕ್ದೇ ಇರೋ ಥರ ಅಂತ ಗೊತ್ತು, ಏನ್ ಮಾಡೋದು. ಜೆ.ಸಿ. ರೋಡಲ್ಲಿ ಹಳೇ ಫಿಯಟ್ ಸ್ಪೇರ್ಸ್ ಇಟ್ಟಿರೋ ಅಂಗಡೀಲಿ ವಿಚಾರ್ಸಿದ್ರೆ ಯಾರಾದ್ರೂ ಹೇಳ್ತಾರೆ.

ಭಾಯ್ ಮಾಡಿದ ಮೊದಲ್ನೇ ಕೆಲ್ಸ ಗಾಡೀಲಿ ನನ್ ಪಕ್ಕ ಕೂತು ಒಂದು ರೌಂಡ್ ಬಂದಿದ್ದು. ರೇಡಿಯೋ ಇದ್ರೆ ಆಫ್ ಮಾಡಿ ಅಂದ್ರು, ರೇಡಿಯೋ ಇರ್ಲಿಲ್ಲ. ಸೆಕೆಂಡ್, ಥರ್ಡಲ್ಲಿ ಗೊರ್ ಅನ್ನೋ ಸದ್ದು, ಟಾಪ್ ಅಂದ್ರೆ ನಾಲ್ಕನೇ ಗೇರ್ ಹಾಕಿದ ತಕ್ಷಣ ಪೂರ್ತಿ ಕಮ್ಮಿ. ಅಷ್ಟಕ್ಕೇ ಕೌಂಟರ್ ಶಾಫ್ಟ್ (ಗೇರ್‌ಬಾಕ್ಸ್ ಒಳಗಿನ ಜೊತೆ ಶಾಫ್ಟ್) ಬೇರಿಂಗ್ ಹೋಗಿದೆ ಅಂದ್ರು. ಟಾಪಲ್ಲಿ ಇಂಜಿನ್ ತಿರುಗೋ ಅಷ್ಟೇ ನೇರವಾಗಿ ಹಿಂದಕ್ಕೆ ಹೋಗತ್ತೆ, ಕೌಂಟರ್ ಗೇರ್ ಮೇಲೆ ಭಾರ ಬೀಳಲ್ಲ, ಅದಕ್ಕೇ ಸದ್ದಿಲ್ಲ. ಆಮೇಲೆ ಆಯಿಲ್ ಡ್ರೈನ್ ಮಾಡಿ ಒಂದು ಅಲ್ಯೂಮಿನಿಯಂ ತಟ್ಟೇಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ತೋರ್ಸಿದ್ರು, ಸೀರೆ ಜರಿ ಥರ ಚಿನ್ನದ ಬಣ್ಣದ ಪುಡಿ ಮಿನುಗ್ತಿದೆ. ಅದು ಸಿಂಕ್ರೊ ರಿಂಗ್‌ನ ಹಿತ್ತಾಳೆ, ಗೇರ್ ಕೂರೋ ಮುಂಚೆ ಎರಡೂ ಕಡೆ ವೇಗ ಸಮ ಮಾಡೋ ಉಂಗುರ ಅದು. ಅದ್ರ ಮಧ್ಯೆ ಉಗುರಿನಷ್ಟು ಎರಡು ಬಿಳೀ ಚೂರು, ಅದು ಗೇರಿನ ಹಲ್ಲು.

ಆಯಿಲ್ ವಿಷ್ಯ ಇಲ್ಲೇ ಹೇಳ್ತೀನಿ ಯಾಕಂದ್ರೆ ಇದು ಎಲ್ರಿಗೂ ಬೇಕಾಗತ್ತೆ. ಮೊದಲ್ನೇ ಗ್ಯಾರೇಜಿನೋರು ಹಾಕಿದ್ದು 90 ನಂಬರ್ ಆಯಿಲ್ಲೇ, ಆದ್ರೆ ಜಿಎಲ್-5 ಅನ್ನೋ ದರ್ಜೇದು. ಅದು ಹಿಂದಿನ ಡಿಫರೆನ್ಷಿಯಲ್‌ಗೆ ಚೆನ್ನಾಗಿರತ್ತೆ, ಗೇರ್‌ಬಾಕ್ಸಲ್ಲಿ ಹಿತ್ತಾಳೆ ಸಿಂಕ್ರೊ ಇದ್ರೆ ಅದರಲ್ಲಿರೋ ಗಂಧಕದ ಅಡಿಟಿವ್ ನಿಧಾನಕ್ಕೆ ಹಿತ್ತಾಳೇನ ತಿನ್ನತ್ತೆ. ಜಿಎಲ್-4 ಅಂತ ಡಬ್ಬಿ ಮೇಲೆ ಇರೋದನ್ನೇ ಕೇಳಿ ತಗೊಳ್ಳಿ.

ಬಿಚ್ಚಿದ ದಿನ ನಾನೂ ಇದ್ದೆ. ಸೆಕೆಂಡ್ ಗೇರನ್ನ ಕಚ್ಚಿ ಹಿಡಿಯೋ ಡಾಗ್ ಹಲ್ಲುಗಳು ಸವೆದು ಗುಂಡಗೆ ಗೋಲಿ ಥರ ಆಗಿದ್ವು, ಹಿಡ್ಕೊಳ್ಳೋಕೆ ಅಂಚೇ ಇಲ್ಲ. ಸೆಲೆಕ್ಟರ್ ರಾಡ್ ಮೇಲೆ ಕೂತು ಗೇರ್ ಜಾರದ ಹಾಗೆ ಹಿಡಿಯೋ ಸಣ್ಣ ಬಾಲ್‌ನ ಸ್ಪ್ರಿಂಗ್ ಸತ್ತು ಹೋಗಿತ್ತು. ಆಗುಂಬೇಲಿ ನನ್ನ ಜೀವ ಬಾಯಿಗೆ ಬರೋ ಹಾಗೆ ಮಾಡಿದ್ದು ಇವೆರಡೇ, ಆ ಸ್ಪ್ರಿಂಗ್ ಬೆಲೆ ಒಂದು ಪ್ಲೇಟ್ ಇಡ್ಲಿಗಿಂತ ಕಮ್ಮಿ.

ಸ್ಪೇರ್ಸ್ ಸಿಗೋದೇ ಇದ್ರಲ್ಲಿ ದೊಡ್ಡ ತಲೆನೋವು. ಬೇರಿಂಗು, ಆಯಿಲ್ ಸೀಲು ಜೆ.ಸಿ. ರೋಡಲ್ಲೇ ಸಿಕ್ತು. ಕೌಂಟರ್ ಗೇರು, ಸೆಕೆಂಡ್ ಗೇರು ಎರಡೂ ಮುಂಬೈ ಕುರ್ಲಾ ಗುಜರಿಯಿಂದ ಬರ್ಬೇಕಾಯ್ತು. ಈ ಗಾಡಿ ತಯಾರಾಗ್ತಿದ್ದ ಫ್ಯಾಕ್ಟರಿ ಇದ್ದಿದ್ದೂ ಅದೇ ಕುರ್ಲಾದಲ್ಲಿ, ತವರಿಂದಲೇ ಬಂತು ಅನ್ನಿ. 2023ರ ಅಕ್ಟೋಬರಲ್ಲಿ ಮುಂಬೈಯ ಕಟ್ಟಕಡೇ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿದು ರಸ್ತೆಯಿಂದ ಇಳೀತಲ್ಲ, ಅವುಗಳಿಂದ ಬರ್ತಿದ್ದ ಪಾರ್ಟ್ಸೂ ಬರ್ತಾ ಬರ್ತಾ ಕಮ್ಮಿ ಆಗ್ತಿದೆ ಅಂತಾರೆ ಭಾಯ್. ಬಂದ ಮೊದಲ್ನೇ ಕೌಂಟರ್ ಗೇರಲ್ಲೂ ಹಲ್ಲು ಚೂರಾಗಿತ್ತು, ವಾಪಸ್ ಕಳ್ಸಿ ಇನ್ನೊಂದು ತರ್ಸಿದ್ರು. ನನಗೆ ತೋರಿಸದೇ ಹಾಕಿದ್ರೆ ನನಗೆಲ್ಲಿ ಗೊತ್ತಾಗ್ತಿತ್ತು? ನಾಲ್ಕು ಸ್ಟಾರಲ್ಲಿ ಎರಡು ಇದಕ್ಕೇ.

ಲೇಬರ್ 12,000, ಎರಡು ಗೇರ್ ಸೇರಿ 8,500, ಸಿಂಕ್ರೊ ರಿಂಗ್ ಮೂರಕ್ಕೆ 3,300, ಉಳಿದಿದ್ದು ಬೇರಿಂಗು ಸೀಲು ಮೌಂಟಿಂಗು ಆಯಿಲು. ಸ್ಟೀರಿಂಗ್ ಕಾಲಮ್ಮಿಂದ ಕೆಳಗೆ ಹೋಗೋ ಲಿಂಕ್ ರಾಡ್‌ಗಳ ಬುಷ್ಷನ್ನ ಲೇತಲ್ಲಿ ಹೊಸದಾಗಿ ಮಾಡಿಸಿ ಹಾಕಿದ್ರು, ಅದನ್ನ ನಾನು ಕೇಳಿರ್ಲಿಲ್ಲ. ಕೈ ಗೇರ್ ಗಾಡಿ ಇಟ್ಟಿರೋರಿಗೆ ಗೊತ್ತಿರತ್ತೆ, ಸಿಗ್ನಲ್ಲಲ್ಲಿ ಲಿವರ್ ಸಿಕ್ಕಾಕೊಂಡು ಇಳಿದು ಬಾನೆಟ್ ಎತ್ತಿ ಲಿಂಕ್ ಬಿಡಿಸೋ ಮರ್ಯಾದೆಗೇಡು. ಈಗ ಅದು ಪೂರ್ತಿ ನಿಂತಿದೆ, ಲಿವರ್ ಬೆಣ್ಣೇಲಿ ಚಾಕು.

ಈಗ ಫಸ್ಟ್ ಗೇರ್. ಡೆಲಿವರಿ ದಿನ ಸ್ಪೀಡ್ ಬ್ರೇಕರ್ ಹತ್ರ ಗಾಡಿ ಇನ್ನೂ ಉರುಳ್ತಿರುವಾಗ ಸೆಕೆಂಡಿಂದ ಫಸ್ಟ್‌ಗೆ ಎಳೆದೆ, ಕಿರ್ರ್. ನಾನು ಮುಖ ನೋಡ್ದೆ. ಭಾಯ್ ನಗ್ತಾ 'ಗೇರ್‌ಬಾಕ್ಸ್ ರಿಪೇರಿ ಆಯ್ತು ಸಾರ್, ಈಗ ನಿಮ್ ಕಾಲು ರಿಪೇರಿ ಆಗ್ಬೇಕು' ಅಂದ್ರು. ವಿಷ್ಯ ಏನಂದ್ರೆ ಈ ಗೇರ್‌ಬಾಕ್ಸಲ್ಲಿ ಸಿಂಕ್ರೊ ಇರೋದು ಎರಡು, ಮೂರು, ನಾಲ್ಕಕ್ಕೆ ಮಾತ್ರ, ಫಸ್ಟ್‌ಗೆ ಹುಟ್ಟಿದಾಗಿಂದ್ಲೂ ಇಲ್ಲ. ಓಡೋ ಗಾಡೀಲಿ ಫಸ್ಟ್ ಬೇಕೇ ಬೇಕು ಅಂದ್ರೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂಚೂರು ರೇಸ್, ಮತ್ತೆ ಕ್ಲಚ್ ಒತ್ತಿ ಫಸ್ಟ್. ನಿಂತ ಗಾಡೀಲಿ ಹಾಕೋವಾಗ ಕ್ಲಚ್ ಒತ್ತಿ ಮೊದ್ಲು ಸೆಕೆಂಡ್ ಮುಟ್ಟಿಸಿ ಆಮೇಲೆ ಫಸ್ಟ್, ಒಳಗೆ ತಿರುಗ್ತಿರೋದನ್ನ ಸೆಕೆಂಡಿನ ಸಿಂಕ್ರೊ ನಿಲ್ಸತ್ತೆ, ಸದ್ದೇ ಇರಲ್ಲ. ಅಪ್ಪ ಯಾವಾಗ್ಲೂ ಹಿಂಗೇ ಮಾಡ್ತಿದ್ರು, ನಾನು ಅದನ್ನ ಅವ್ರ ಕೈ ಅಭ್ಯಾಸ ಅಂದ್ಕೊಂಡಿದ್ದೆ. ತಟ್ಟೇಲಿ ಸಿಕ್ಕಿದ ಆ ಎರಡು ಬಿಳೀ ಚೂರು ನನ್ನ ಕೊಡುಗೆ ಅಂತ ಈಗ ಒಪ್ಕೋತೀನಿ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ 10 ದಿನ ಅಂದೋರು 7 ವಾರ ಮಾಡಿದ್ರು. ಫೋನ್ ಎತ್ತಲ್ಲ, ಎತ್ತಿದ್ರೆ 'ನಾಳೆ ಸಾರ್'. ಬಿಲ್ ಅಂದ್ರೆ ಗ್ಯಾಸ್ಕೆಟ್ ಪೇಪರ್ ತುಂಡಿನ ಮೇಲೆ ಪೆನ್ಸಿಲಲ್ಲಿ ಬರೆದಿದ್ದು. ಮಳೇಲಿ ಮರದ ಕೆಳಗೇ ಬಿಟ್ಟು ರೂಫ್ ಮೇಲೆಲ್ಲಾ ಹಕ್ಕಿ ಹಿಕ್ಕೆ, ಬ್ಯಾಟರಿ ಡೆಡ್. ಮನೆಗೆ ಬರೋವಾಗ ನೋಡ್ತೀನಿ ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳ್ತಿಲ್ಲ, ಗೇರ್‌ಬಾಕ್ಸ್ ಹಿಂದೆ ಸಿಗಿಸೋ ಕೇಬಲ್ ಮರ್ತಿದಾರೆ. ಫೋನ್ ಮಾಡಿದ್ರೆ 'ನಿಧಾನಕ್ಕೆ ಓಡ್ಸಿ ಸಾರ್, ಸ್ಪೀಡ್ ನೋಡಿ ಏನಾಗ್ಬೇಕು' ಅಂದ್ರು. 500 ಕಿಲೋಮೀಟರ್ ಆದ್ಮೇಲೆ ಆಯಿಲ್ ಬದಲಾಯಿಸ್ಬೇಕಂತೆ, ಮೀಟರೇ ಓಡ್ದಿದ್ರೆ 500 ಆಯ್ತು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಅಂತ ಕೇಳ್ದೆ, ಆ ಕಡೆಯಿಂದ ಬರೀ ನಗು. ಶನಿವಾರ ಬನ್ನಿ ಅಂದಿದಾರೆ. ಯಾವ ಶನಿವಾರ ಅಂತ ಕೇಳೋಕೆ ಮರ್ತೆ.