ಲೆಜೆಂಡ್ ಆಫ್ ಡ್ರಗೂನ್: ತಾಳ ತಪ್ಪಿದರೆ ಪೆಟ್ಟೂ ತಪ್ಪಿತು

ಆಟಿ ತಿಂಗಳ ಮಳೆ. ಅಡಿಕೆಗೆ ಮದ್ದು ಬಿಡಲು ಬಿಡುವು ಕೊಡುತ್ತಿಲ್ಲ. ಬದಿಯಡ್ಕದಿಂದ ಒಳಗೆ, ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ನಮ್ಮ ಮನೆಯಲ್ಲಿ ಕೂತು ‘ದ ಲೆಜೆಂಡ್ ಆಫ್ ಡ್ರಗೂನ್’ ಎಂಬ ವಿಡಿಯೋ ಗೇಮ್ ಪುನಃ ಶುರು ಮಾಡಿದೆ. ಮೊದಲು ಆಡಿದ್ದು ಮಾವ ಗಲ್ಫಿನಿಂದ ತಂದ ಹಳೇ ಪ್ಲೇಸ್ಟೇಷನ್‌ನಲ್ಲಿ, ನಾಲ್ಕು ಸಿ.ಡಿ. ಬದಲಿಸಿ. ಜಪಾನಿನಲ್ಲಿ 1999ರಲ್ಲಿ ಬಂದ ಆಟವನ್ನು ಸೋನಿ 2023ರಲ್ಲಿ ಪಿಎಸ್4, ಪಿಎಸ್5ಕ್ಕೆ ಮತ್ತೆ ಬಿಟ್ಟಿದೆ.

ಆಟದ ಜೀವ ಇರುವುದು ‘ಅಡಿಷನ್’ನಲ್ಲಿ, ಅಂದರೆ ತಾಳಕ್ಕೆ ಸರಿಯಾಗಿ ಬಟನ್ ಒತ್ತಿ ಸಾಲಾಗಿ ಹೊಡೆಯುವ ಪೆಟ್ಟಿನಲ್ಲಿ. ಹೊಡೆ ಎಂದು ಒಮ್ಮೆ ಒತ್ತಿ ಕೂತರೆ ಸಾಲದು. ಒಂದು ಚೌಕ ತಿರುಗುತ್ತಾ ಬಂದು ನಡುವಿನ ಚೌಕದೊಳಗೆ ಕೂರುವ ಗಳಿಗೆಗೆ ಸರಿಯಾಗಿ ಎಕ್ಸ್ ಒತ್ತಬೇಕು. ಆಮೇಲೆ ಇನ್ನೊಂದು ಚೌಕ, ಇನ್ನೊಂದು ಪೆಟ್ಟು. ನಡುವೆ ವೈರಿ ತಿರುಗಿ ಬಿದ್ದರೆ ಥಟ್ಟನೆ ಎಕ್ಸ್ ಬಿಟ್ಟು ವೃತ್ತದ ಬಟನ್. ಒಂದೊಂದು ಅಡಿಷನ್‌ಗೆ ಒಂದೊಂದು ನಡೆ. ಒತ್ತಿದ್ದು ತೆರೆಯಲ್ಲಿ ತಡವಾಗಿ ಕಾಣದಂತೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿದ ಮೇಲೆಯೇ ನನ್ನ ಕೈ ಸ್ವಲ್ಪ ಕೂತದ್ದು.

ಚೆಂಡೆ ಕಲಿಯುತ್ತಿರುವ ಅಕ್ಕನ ಮಗ ಪಕ್ಕದಲ್ಲಿ ಮೊಣಕಾಲ ಮೇಲೆ ಬೆರಳು ಬಡಿಯುತ್ತಾ ಕೂತಿದ್ದ. “ಮಾವ, ನೋಡಿ ಒತ್ತಬೇಡಿ, ಎಣಿಸಿ ಒತ್ತಿ” ಎಂದ. ಕಂಟ್ರೋಲರ್ ಕೊಟ್ಟೆ. ಕಥಾನಾಯಕ ಡಾರ್ಟನ ‘ವಾಲ್ಕೇನೋ’ ಅಡಿಷನ್ ಒಂದು ಪೆಟ್ಟೂ ಜಾರದೆ ಬಿತ್ತು ಮಾರಾಯ್ರೇ!

ಬೈಗುಳಕ್ಕೂ ಬರಗಾಲ ಇಲ್ಲ. ಚೀಲದಲ್ಲಿ ಹಿಡಿಯುವುದು 32 ಸಾಮಾನು ಮಾತ್ರ. ಒಂದು ಮದ್ದು ಬಿಸಾಡಿ ಇನ್ನೊಂದು ಮದ್ದು ಹೆಕ್ಕುವ ಕರ್ಮ. ಇಂಗ್ಲಿಷ್ ಅನುವಾದ ಕುಂಟು, ದುಃಖದ ಮಾತಿಗೂ ನಗು ಬರುತ್ತದೆ. ಬಿಲ್ಲು ಹಿಡಿದ ಶಾನಾಗೆ ಅಡಿಷನ್ನೇ ಇಲ್ಲ, ಅವಳ ಸರದಿಗೆ ಎದ್ದು ಹೋಗಿ ಚಾ ತರಬಹುದು. ಡಾರ್ಟ್ ಡ್ರಗೂನ್ (ಡ್ರ್ಯಾಗನ್ ಶಕ್ತಿ ಪಡೆದ ಯೋಧ) ಆಗಿ ರೆಕ್ಕೆ ಮೂಡುವ ದೃಶ್ಯ ಮೊದಲ ಸಲ ಚಂದ. ಹತ್ತನೇ ಸಲಕ್ಕೆ ಅಳಿಯ ಕೇಳಿದ: “ಇವ ಎಂತಕ್ಕೆ ಪ್ರತಿ ಸಲ ಚೌಕಿಗೆ ಹೋಗಿ ವೇಷ ಕಟ್ಟಿಕೊಂಡು ಬರುವುದು?”

ಮೊದಲ ಸಿ.ಡಿ.ಯಲ್ಲೇ ಡಾರ್ಟನ ಗೆಳೆಯ, ಭರ್ಜಿ ಹಿಡಿದ ಲ್ಯಾವಿಟ್ಜ್ ಸಾಯುತ್ತಾನೆ (ಇಷ್ಟು ಹಳೇ ಆಟದಲ್ಲಿ ಇನ್ನು ಗುಟ್ಟು ಎಂತದು). ಅವನ ಹಸಿರು ಡ್ರಗೂನ್ ಶಕ್ತಿ ರಾಜ ಆಲ್ಬರ್ಟನಿಗೆ ಬರುತ್ತದೆ. ಬಯಲಾಟದಲ್ಲಿ ನಡುರಾತ್ರಿ ದಾಟಿದ ಮೇಲೆ ಅದೇ ಪಾತ್ರಕ್ಕೆ ಬೇರೆ ವೇಷಧಾರಿ ಬರುವುದು ನಮಗೇನು ಹೊಸತಲ್ಲ. ಆದರೂ ಆಲ್ಬರ್ಟ್ ಭರ್ಜಿ ಎತ್ತಿದಾಗ ಈಗಲೂ ಮೊದಲಿನವನನ್ನೇ ಹುಡುಕುತ್ತೇನೆ.

ಹಿಂದೆ ಕರೆಂಟ್ ಹೋದರೆ ಮೆಮೊರಿ ಕಾರ್ಡಿನಲ್ಲಿ ಕೊನೆಗೆ ಸೇವ್ ಮಾಡಿದಲ್ಲಿಂದ ಪುನಃ ನಡೆಯಬೇಕಿತ್ತು. ಈಗ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ತಪ್ಪಿದ್ದನ್ನು ಹಿಂದಕ್ಕೆ ಓಡಿಸಿ ಸರಿಪಡಿಸುವ ಸೌಕರ್ಯವೂ ಇದೆ. ಅಳಿಯ ಅದನ್ನು ಮುಟ್ಟಲು ಬಿಡುವುದಿಲ್ಲ. “ಪೆಟ್ಟು ತಪ್ಪಿದ್ದು ತಪ್ಪಿದ್ದೇ ಮಾವ.”