ಫ್ಯಾನಿನ ಜುಟ್ಟು ಯಾರ ಕೈಯಲ್ಲಿ? ಲ್ಯಾಪ್‌ಟಾಪ್ ತಾನಾಗಿ ಆಫ್ ಆದಾಗ ನಾನು ಹೋಲಿಸಿ ನೋಡಿದ ದಾರಿಗಳು

ನನ್ನ ಲ್ಯಾಪ್‌ಟಾಪಿನ ಫ್ಯಾನಿಗೆ ಒಂದು ಕೆಟ್ಟ ಚಾಳಿ. ಬ್ರೌಸರಿನಲ್ಲಿ ಎರಡು ಟ್ಯಾಬ್ ತೆರೆದರೂ ಸಾಕು, ಗಿರಣಿ ಹಾಗೆ ಸದ್ದು ಶುರು, ಹತ್ತು ಸೆಕೆಂಡಿಗೆ ಮೌನ, ಮತ್ತೆ ಸದ್ದು. ಅದರ ಬಾಯಿ ಮುಚ್ಚಿಸೋಣ ಅಂತ ಫ್ಯಾನ್ ಕಂಟ್ರೋಲ್ ಸಾಫ್ಟ್‌ವೇರ್ ಹಾಕಿದೆ. ಸದ್ದು ನಿಂತಿತು. ಮೂರನೇ ದಿನ ಲ್ಯಾಪ್‌ಟಾಪೂ ನಿಂತಿತು. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ವಿಡಿಯೊ ಎಕ್ಸ್‌ಪೋರ್ಟ್ ಅರ್ಧಕ್ಕೆ ಬಂದಿದ್ದಾಗ ಪಟ್ ಅಂತ ಕತ್ತಲೆ.

ಆಮೇಲೆ ಒಂದು ತಿಂಗಳು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಪರೀಕ್ಷೆ ಎಲ್ಲಕ್ಕೂ ಒಂದೇ: ಅರ್ಧ ಗಂಟೆ ಪೂರ್ತಿ ಲೋಡ್, ನಡುವೆ ಒಮ್ಮೆ ಸ್ಲೀಪ್‌ಗೆ ಹಾಕಿ ಎಬ್ಬಿಸುವುದು, ಕೊನೆಗೆ ಬೇಕಂತಲೇ ಆ ಸಾಫ್ಟ್‌ವೇರನ್ನು ಟಾಸ್ಕ್ ಮ್ಯಾನೇಜರಿನಿಂದ ಕೊಂದು ಹಾಕುವುದು. ಈ ಕೊನೆಯದ್ದನ್ನು ಯಾರೂ ಮಾಡಿ ನೋಡುವುದಿಲ್ಲ. ನನಗೆ ಗುಟ್ಟು ಗೊತ್ತಾಗಿದ್ದು ಅಲ್ಲೇ.

ಮೊದಲು ಒಂದು ಮಾತು. ಆಫ್ ಆಗುವುದರಲ್ಲೂ ಜಾತಿ ಇದೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. ಕರ್ನಲ್-ಪವರ್ 41 ಅಂತ ಇದ್ದರೆ ಅದು ಕಾರಣ ಅಲ್ಲ, ಬರೀ ಪರಿಣಾಮ: ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತ ಅಷ್ಟೇ. ಅದರೊಳಗೆ ಬಗ್‌ಚೆಕ್ ಕೋಡ್ (ನೀಲಿ ಪರದೆಯ ದೋಷ ಸಂಖ್ಯೆ) 0 ಇದ್ದರೆ ನೀಲಿ ಪರದೆಯ ಗುರುತೂ ಉಳಿದಿಲ್ಲ, ಬಹುಶಃ ಕರೆಂಟೇ ಕಡಿದಿದೆ. ಕರ್ನಲ್-ಪವರ್ 86 ಇದ್ದರೆ ಮಾತ್ರ ಬಿಸಿ ಮಿತಿ ಮೀರಿತು ಅಂತ ವಿಂಡೋಸೇ ನಿರ್ಧಾರ ಮಾಡಿ ಆಫ್ ಮಾಡಿದೆ. 1074 ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ನೀವೇ ಕೇಳಿಕೊಂಡಿದ್ದು. ನನ್ನ ಲಾಗಿನಲ್ಲಿ ಮೊದಲ ಸಲ ಬರೀ 41, ಎರಡನೇ ಸಲ 86. ತಮಾಷೆ ಅಂದರೆ, 86 ಬಂದ ಹೊತ್ತಿನಲ್ಲಿ ಪರದೆ ಮೇಲೆ ಸಿಪಿಯು ತಾಪ 74 ಡಿಗ್ರಿ ತೋರಿಸುತ್ತಿತ್ತು! ಇಂಟೆಲ್ ಚಿಪ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. 74ಕ್ಕೆ ಆಫ್ ಆಗುವ ಮಾತೇ ಇಲ್ಲ, ಅಲ್ವಾ?

ಸ್ಪೀಡ್‌ಫ್ಯಾನ್ ಅನ್ನುವ ಫ್ಯಾನ್ ಕಂಟ್ರೋಲ್ ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಅದರ 4.52 ಆವೃತ್ತಿ ಹಳೆಯದು. ಡೆಸ್ಕ್‌ಟಾಪ್ ಬೋರ್ಡ್‌ಗಳ ಚಿಪ್ ಅದಕ್ಕೆ ಗೊತ್ತು, ನನ್ನ ಲ್ಯಾಪ್‌ಟಾಪಿನ ಫ್ಯಾನು ಅದರ ಕಣ್ಣಿಗೇ ಬೀಳಲಿಲ್ಲ. ತೆಗೆದು ಹಾಕಿದೆ.

ನೋಟ್‌ಬುಕ್ ಫ್ಯಾನ್‌ಕಂಟ್ರೋಲ್, ಅಂದರೆ ಎನ್‌ಬಿಎಫ್‌ಸಿ. ನನ್ನ ತಲೆನೋವಿನ ಬಹುಪಾಲು ಇಲ್ಲೇ, ತಪ್ಪಿನ ಬಹುಪಾಲು ನನ್ನದೇ. ಲ್ಯಾಪ್‌ಟಾಪಿನಲ್ಲಿ ಫ್ಯಾನನ್ನು ಆಡಿಸುವುದು ಎಂಬೆಡೆಡ್ ಕಂಟ್ರೋಲರ್ ಅನ್ನುವ ಪುಟ್ಟ ಚಿಪ್, ಚಿಕ್ಕದಾಗಿ ಇಸಿ. ಎನ್‌ಬಿಎಫ್‌ಸಿ ಅದರ ರಿಜಿಸ್ಟರ್‌ಗಳಿಗೆ (ಆದೇಶ ಬರೆದಿಡುವ ಪುಟ್ಟ ಖಾನೆಗಳಿಗೆ) ನೇರವಾಗಿ ಬರೆಯುತ್ತದೆ. ಯಾವ ರಿಜಿಸ್ಟರು, ಎಷ್ಟು ಬೆಲೆ ಅನ್ನುವುದೆಲ್ಲ ಮಾಡೆಲಿಗೊಂದು ಕಾನ್ಫಿಗ್ ಫೈಲಿನಲ್ಲಿರುತ್ತದೆ. ನನ್ನ ಮಾಡೆಲಿನದ್ದು ಪಟ್ಟಿಯಲ್ಲಿರಲಿಲ್ಲ. ಹತ್ತಿರದ ಇನ್ನೊಂದನ್ನು ಆರಿಸಿದೆ. ಫ್ಯಾನು ಹೇಳಿದ ಮಾತು ಕೇಳಿತು, ನಾನು ಗೆದ್ದೆ ಅಂದುಕೊಂಡೆ.

ಕೊಲ್ಲುವ ಪರೀಕ್ಷೆಯಲ್ಲಿ ಬಣ್ಣ ಬಯಲಾಯಿತು. ಸರ್ವಿಸ್ ಸತ್ತ ಮೇಲೂ ಫ್ಯಾನು 30 ಶೇಕಡಾದಲ್ಲೇ ಗೂಟ ಹೊಡೆದುಕೊಂಡು ಕೂತಿತು. ಲೋಡ್ ಏರುತ್ತಿದೆ, ತಾಪ 80, 90, 97, ಫ್ಯಾನು ಮಾತ್ರ ತನಗೇನೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಮೆಲ್ಲಗೆ ತಿರುಗುತ್ತಿದೆ, ಕೊನೆಗೆ ನಾನೇ ಹೆದರಿ ಲೋಡ್ ನಿಲ್ಲಿಸಿದೆ. ಇಸಿ ಇನ್ನೂ ಮ್ಯಾನುಯಲ್ ಮೋಡ್‌ನಲ್ಲೇ ಇತ್ತು, ಅದನ್ನು ಆಟೋಗೆ ಮರಳಿಸುವವರು ಯಾರೂ ಇರಲಿಲ್ಲ. ಕಾನ್ಫಿಗ್ ತೆರೆದರೆ ರೀಸೆಟ್‌ರಿಕ್ವೈರ್ಡ್ ಅನ್ನುವ ಸಾಲಿನಲ್ಲಿ ಫಾಲ್ಸ್ ಅಂತ ಇತ್ತು. ಟ್ರೂ ಮಾಡಿ, ಸರಿಯಾದ ರೀಸೆಟ್ ಬೆಲೆ ಕೊಟ್ಟ ಮೇಲೆ ಸರ್ವಿಸನ್ನು ಕ್ರಮವಾಗಿ ನಿಲ್ಲಿಸಿದಾಗ ಫ್ಯಾನು ಆಟೋಗೆ ಮರಳುತ್ತದೆ. ಕುತ್ತಿಗೆ ಹಿಸುಕಿ ಕೊಂದರೆ ಈಗಲೂ ಇಲ್ಲ. ಸತ್ತವನು ಬಾಗಿಲು ಹಾಕಿಕೊಂಡು ಹೋಗುತ್ತಾನಾ?

ಹಾಗಾದರೆ 74 ಡಿಗ್ರಿಯ ಒಗಟು? ಸಿಪಿಯು ಮೇಲೆ ಮಾತ್ರ ಕಣ್ಣಿಟ್ಟು ಫ್ಯಾನ್ ಇಳಿಸಿದರೆ ಗ್ರಾಫಿಕ್ಸ್ ಚಿಪ್ ಪಕ್ಕದಲ್ಲಿ ಸುಮ್ನೆ ಬೇಯುತ್ತಿರುತ್ತದೆ. ಇದು ಒಂದು. ಎರಡನೆಯದು ಜಗಳ. ವಿಂಡೋಸಿನ ಎಸಿಪಿಐ ಡ್ರೈವರೂ (ವಿದ್ಯುತ್, ತಾಪ ನೋಡಿಕೊಳ್ಳುವ ಭಾಗ) ಇಸಿ ಜತೆ ಮಾತಾಡುವುದು 62 ಮತ್ತು 66 ಅನ್ನುವ ಹೆಕ್ಸ್ ಪೋರ್ಟ್‌ಗಳ ಮೂಲಕ, ಈ ಸಾಫ್ಟ್‌ವೇರೂ ಅಲ್ಲಿಂದಲೇ. ಇಬ್ಬರೂ ಒಟ್ಟಿಗೆ ಕೇಳಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಕಥೆ: ಒಬ್ಬರ ಪ್ರಶ್ನೆಗೆ ಬಂದ ಉತ್ತರ ಇನ್ನೊಬ್ಬರ ಕೈಗೆ ಸಿಗಬಹುದು. ತಾಪದ ಜಾಗದಲ್ಲಿ ಬೇರೇನೋ ದೊಡ್ಡ ಸಂಖ್ಯೆ ಬಂತು ಅಂದರೆ ವಿಂಡೋಸ್ ಪಾಪ ನಂಬಿ ಆಫ್ ಮಾಡುತ್ತದೆ. ನಾನು ಜತೆಗೆ ಇನ್ನೊಂದು ಸೆನ್ಸರ್ ಮಾನಿಟರನ್ನೂ ಓಡಿಸುತ್ತಿದ್ದೆ. ಅದನ್ನು ಮುಚ್ಚಿ, ಇಸಿ ಪೋಲ್ ಇಂಟರ್ವಲ್ (ಇಸಿಯನ್ನು ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಅನ್ನುವುದು) ಹೆಚ್ಚಿಸಿದ ಮೇಲೆ 86 ಮತ್ತೆ ಕಾಣಲಿಲ್ಲ.

ಇನ್ನೊಂದು ಕಿರಿಕಿರಿ. ಇಂಥ ಹಲವು ಸಾಫ್ಟ್‌ವೇರ್‌ಗಳು ಬಳಸುವ ವಿನ್‌ರಿಂಗ್0 ಡ್ರೈವರಿನಲ್ಲಿ ಭದ್ರತಾ ದೋಷವಿದೆ. 2025ರ ಮಾರ್ಚ್‌ನಿಂದ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿದು ಹಾಕುತ್ತಿದೆ. ವಿನಾಯಿತಿ ಕೊಟ್ಟು ಓಡಿಸುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ.

ಅದೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕೂಡ ಇದೆ, ಹಾಗಾಗಿ ಎನ್‌ಬಿಎಫ್‌ಸಿ-ಲಿನಕ್ಸ್ ನೋಡಿದೆ. ಅದೇ ಕಾನ್ಫಿಗ್, ಅದೇ ಲೋಡ್. ಇಲ್ಲಿ ಇಸಿ-ಸಿಸ್ ಅನ್ನುವ ಕರ್ನಲ್ ಮಾಡ್ಯೂಲ್ ಮೂಲಕ ಹೋದರೆ ಕರ್ನಲ್ಲೇ ಸರತಿ ನೋಡಿಕೊಳ್ಳುತ್ತದೆ, ಆ ಎತ್ತು-ಕೋಣದ ಜಗಳ ಇಲ್ಲ. ನೇರ ಪೋರ್ಟ್ ದಾರಿಯೂ ಇದೆ, ಅದು ಬೇಡ. ರೀಡ್-ಓನ್ಲಿ ಮೋಡ್ ಇರುವುದು ನನಗೆ ತುಂಬಾ ಹಿಡಿಸಿತು: ಅದರಲ್ಲಿ ಫ್ಯಾನ್ ಮುಟ್ಟದೆ ಬರೀ ಓದುತ್ತದೆ. ಹಾಗೆ ಓಡಿಸಿದಾಗಲೂ ಲ್ಯಾಪ್‌ಟಾಪ್ ಆಫ್ ಆದರೆ ಫ್ಯಾನಿನ ವೇಗ ತಗ್ಗಿಸಿದ್ದು ಕಾರಣ ಅಲ್ಲ ಅಂತ ಖಾತ್ರಿ. ಲಿನಕ್ಸ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ಕೊನೆಯ ಸಾಲು ನೋಡಿದರೆ ಕ್ರಿಟಿಕಲ್ ಟೆಂಪರೇಚರ್ ಅಂತ ಬರೆದಿದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ. ಕೊಲ್ಲುವ ಪರೀಕ್ಷೆಯಲ್ಲಿ ಮಾತ್ರ ಇದೂ ಫೇಲು. ಫ್ಯಾನು ಹಿಂದಿನ ವೇಗದಲ್ಲೇ ಉಳಿಯಿತು.

ಆ ಪರೀಕ್ಷೆ ಪಾಸಾಗಿದ್ದು ಗೆಳೆಯನ ಹಳೆಯ ಥಿಂಕ್‌ಪ್ಯಾಡು, ಥಿಂಕ್‌ಫ್ಯಾನ್ ಅನ್ನುವ ಲಿನಕ್ಸ್ ಫ್ಯಾನ್ ಸಾಫ್ಟ್‌ವೇರ್ ಜತೆ. ಅಲ್ಲಿ ಥಿಂಕ್‌ಪ್ಯಾಡ್-ಎಸಿಪಿಐ ಡ್ರೈವರಿನಲ್ಲೇ ವಾಚ್‌ಡಾಗ್ ಇದೆ, ಗರಿಷ್ಠ 120 ಸೆಕೆಂಡು. ಅಷ್ಟರಲ್ಲಿ ಹೊಸ ಆದೇಶ ಬರದಿದ್ದರೆ ಯಜಮಾನ ಸತ್ತ ಅಂತ ತಿಳಿದು ಫ್ಯಾನನ್ನು ಸುರಕ್ಷಿತ ಮೋಡಿಗೆ ಮರಳಿಸುತ್ತದೆ. ಥಿಂಕ್‌ಫ್ಯಾನನ್ನು ಕೊಂದು ಗಡಿಯಾರ ಹಿಡಿದು ಕೂತೆ. ಎರಡು ನಿಮಿಷದೊಳಗೆ ಫ್ಯಾನು ಬುರ್ರೆಂದಿತು. ಹೊಟ್ಟೆಕಿಚ್ಚಾಯಿತು. ಈ ಸೌಲಭ್ಯ ನನ್ನ ಲ್ಯಾಪ್‌ಟಾಪಿಗೆ ಇಲ್ಲವಲ್ಲ.

ಕೊನೆಯ ದಾರಿ, ಫ್ಯಾನನ್ನು ಮುಟ್ಟದೇ ಇರುವುದು. ಬಿಸಿಯನ್ನೇ ಕಡಿಮೆ ಮಾಡುವುದು. ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಶೇಕಡಾ ಮಾಡಿದೆ, ಟರ್ಬೊ (ಚಿಪ್ ತಾತ್ಕಾಲಿಕವಾಗಿ ವೇಗ ಏರಿಸಿಕೊಳ್ಳುವುದು) ಬಂದ್ ಆಯಿತು. ನನ್ನ ಅರ್ಧ ಗಂಟೆಯ ಪರೀಕ್ಷೆಯಲ್ಲಿ ತಾಪ 71 ದಾಟಲಿಲ್ಲ, ಫ್ಯಾನು ತಾನಾಗಿಯೇ ಮೆಲ್ಲಗಾಯಿತು. ಎಕ್ಸ್‌ಪೋರ್ಟ್ ನಿಧಾನ, ಅದು ನಿಜ. ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಇಳಿಸಿದರೆ ಇನ್ನೂ ನಾಜೂಕಾಗಿ ಹೊಂದಿಸಬಹುದು, ಇಂಟೆಲ್ ಆಗಿದ್ದರೆ ಮಾತ್ರ. ಅಂಡರ್‌ವೋಲ್ಟ್ (ಚಿಪ್‌ಗೆ ಕೊಡುವ ವೋಲ್ಟೇಜ್ ತಗ್ಗಿಸುವುದು) ಕನಸು ಕಾಣಬೇಡಿ, 2019ರ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷದ ಪ್ರಕರಣದ ಮೇಲೆ ಹಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಅದಕ್ಕೆ ಬೀಗ ಬಿದ್ದಿದೆ.

ಈಗ ವಿಂಡೋಸ್‌ನಲ್ಲಿ ಈ 99ರ ದಾರಿ, ಲಿನಕ್ಸ್‌ನಲ್ಲಿ ಎನ್‌ಬಿಎಫ್‌ಸಿ, ಅದೂ ಫ್ಯಾನಿನ ಕನಿಷ್ಠ ವೇಗ 40 ಶೇಕಡಾಕ್ಕಿಂತ ಕೆಳಗೆ ಬಿಡದೆ. ಸತ್ತರೂ 40ರಲ್ಲೇ ಸಾಯಲಿ ಅಂತ. ಇಷ್ಟೆಲ್ಲ ಮಾಡಿದ ಮೇಲೂ ಬ್ಯಾಟರಿಯಲ್ಲಿದ್ದಾಗ ಒಮ್ಮೆ ಆಫ್ ಆಯಿತು, ತಾಪ 50, ಫ್ಯಾನ್ ಸಾಫ್ಟ್‌ವೇರ್ ಆಗ ಓಡುತ್ತಲೇ ಇರಲಿಲ್ಲ. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ ಅದರ ಸಾಮರ್ಥ್ಯ ಅರ್ಧಕ್ಕೂ ಕೆಳಗೆ ಇಳಿದಿದೆ. ಅದರ ಪಾಪಕ್ಕೆ ಫ್ಯಾನನ್ನು ಬೈಯುವಂತಿಲ್ಲ.