ಎಂಪಿಯು-6050, ಮೂರು ವರ್ಷದ ನಂತರ: ನೆಟ್ಟಗೆ ನಿಲ್ಲಿಸುತ್ತದೆ, ದಿಕ್ಕು ಮಾತ್ರ ಕೇಳಬೇಡಿ

ಮೊದಲೇ ಹೇಳಿಬಿಡುತ್ತೇನೆ, ಈ ಗೈರೋ, ಅಂದರೆ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುವ ಚಿಪ್ ಜೊತೆ ನಾನು ತುಂಬಾ ಜಗಳ ಆಡಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇನ್ನೂರು ರೂಪಾಯಿ ಒಳಗೆ ಸಿಕ್ಕಿತು. ನೀಲಿ ಬೋರ್ಡ್, ಪಿನ್ನುಗಳಿಗೆ ನಾವೇ ಬೆಸುಗೆ ಹಾಕಿಕೊಳ್ಳಬೇಕು. ಮಗಳ ಜೊತೆ ಎರಡು ಚಕ್ರದ ಮೇಲೆ ನಿಲ್ಲುವ ಪುಟ್ಟ ರೋಬೋ ಮಾಡುವ ಆಸೆ, ಅಷ್ಟೇ.

ಮೊದಲ ಸಂಜೆ ಪೂರ್ತಿ ಹಾಳು. ಬೋರ್ಡನ್ನು ಹೇಗೆ ತಿರುಗಿಸಿದರೂ ಬರೀ ಸೊನ್ನೆ. ವೈರ್ ಬದಲಿಸಿದೆ, ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೋ, ಅದನ್ನೂ ಬದಲಿಸಿದೆ. ಕೊನೆಗೆ ಗೊತ್ತಾಯಿತು: ಕರೆಂಟ್ ಕೊಟ್ಟರೂ ಈ ಚಿಪ್ ನಿದ್ದೆಯಲ್ಲೇ ಇರುತ್ತದೆ. ಅದರೊಳಗಿನ 6ಬಿ ಅನ್ನುವ ರಿಜಿಸ್ಟರಿಗೆ (ಪುಟ್ಟ ನೆನಪಿನ ಖಾನೆಗೆ) ಸೊನ್ನೆ ಬರೆದರೇನೇ ಏಳುವುದು.

ಎದ್ದ ಮೇಲೆ ರೋಬೋ ನಿಂತಿತು. ಮಗಳು ಕುಣಿದಳು. ಆದರೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಲಿ ಅಂತ ಪ್ರೋಗ್ರಾಂ ಬರೆದಾಗ ಶುರುವಾಯಿತು ನೋಡಿ ತಲೆನೋವು. ಕಿಟಕಿ ಕಡೆ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ದೇವರ ಮನೆ ಕಡೆ ತಿರುಗಿರುತ್ತಿತ್ತು. ಪ್ರತಿ ಸಲವೂ! ಮಗಳು ಅದಕ್ಕೆ 'ಭಕ್ತ' ಅಂತ ಹೆಸರಿಟ್ಟಳು.

ಯಾಕೆ ಅಂದರೆ, ಚಿಪ್ಪಿನ ಒಳಗೆ ಸಿಲಿಕಾನಿನ ಚೂರುಗಳು ಸದಾ ಕಂಪಿಸುತ್ತಿರುತ್ತವೆ. ಬೋರ್ಡ್ ತಿರುಗಿದರೆ ಕೊರಿಯೋಲಿಸ್ ಬಲ ಅವನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಕೂದಲೆಳೆಯಷ್ಟೂ ಇಲ್ಲದ ಸರಿದಾಟವನ್ನು ಅಳೆದು, ಸೆಕೆಂಡಿಗೆ ಎಷ್ಟು ಡಿಗ್ರಿ ಅಂತ ಹೇಳುತ್ತದೆ. ಕೋನ ಬೇಕಾದರೆ ನಾವೇ ಕೂಡುತ್ತಾ ಹೋಗಬೇಕು. ಸೆಕೆಂಡಿಗೆ 0.05 ಡಿಗ್ರಿ ತಪ್ಪಿದರೂ ಹತ್ತು ನಿಮಿಷಕ್ಕೆ 30 ಡಿಗ್ರಿ! ವಾಲಿದ್ದನ್ನು ತಿದ್ದಲು ಅದೇ ಚಿಪ್ಪಿನ ಅಕ್ಸೆಲೆರೋಮೀಟರ್ ಇದೆ, ಅದಕ್ಕೆ ಭೂಮಿ ಎಳೆಯುವ ದಿಕ್ಕು ಗೊತ್ತು. ನಿಂತಲ್ಲೇ ತಿರುಗಿದರೆ ಆ ಎಳೆತ ಬದಲಾಗುವುದೇ ಇಲ್ಲವಲ್ಲ, ತಿದ್ದುವವರು ಯಾರು?

ಚಿಪ್ ಬಿಸಿಯಾದ ಹಾಗೆ ತಪ್ಪೂ ಬದಲಾಗುತ್ತದೆ. ಇದು ತಿಳಿದ ಮೇಲೆ ನನ್ನ ಬೆಳಗಿನ ಅಭ್ಯಾಸವೇ ಬೇರೆಯಾಯಿತು. ಸಂಪಿನ ಮೋಟಾರ್ ಹಾಕುವಾಗಲೇ ರೋಬೋ ಸ್ವಿಚ್ಚನ್ನೂ ಹಾಕುತ್ತೇನೆ. ಟ್ಯಾಂಕ್ ತುಂಬುವಷ್ಟರಲ್ಲಿ ಚಿಪ್ ಹದವಾಗಿ ಬೆಚ್ಚಗಾಗಿರುತ್ತದೆ. ಮೋಟಾರ್ ನಿಲ್ಲಿಸಿ, ರೋಬೋವನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮಲಗಿಸಿ, ಗುಂಡಿ ಒತ್ತಿ ಕೈ ಹಿಂದೆ ತೆಗೆಯುತ್ತೇನೆ. ಐದು ಸೆಕೆಂಡ್ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಎರಡು ಸಾವಿರ ಅಳತೆ ತೆಗೆದು, ಸರಾಸರಿಯನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ. ನನ್ನ ಹೆಂಡತಿ ಕೂಡ ಈಗ ಒಗ್ಗರಣೆ ಸೌಟು ಹಿಡಿದು ಆ ಐದು ಸೆಕೆಂಡ್ ಕಾಯುತ್ತಾಳೆ. ಸುಳ್ಳು ಯಾಕೆ ಹೇಳಲಿ, ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು. ಭಕ್ತ ಈಗ ಹತ್ತು ನಿಮಿಷಕ್ಕೆ ನಾಲ್ಕೈದು ಡಿಗ್ರಿ ಮಾತ್ರ ಜರುಗುತ್ತಾನೆ.

ಇನ್ನೊಂದನ್ನು ಆನ್‌ಲೈನಿನಲ್ಲಿ ಸ್ವಲ್ಪ ಅಗ್ಗಕ್ಕೆ ತರಿಸಿದೆ. 'ನೀನು ಯಾರು' ಅಂತ ಕೇಳುವ ರಿಜಿಸ್ಟರಿನಲ್ಲಿ ಅಸಲಿಯಾದರೆ ಹೆಕ್ಸ್ (ಹದಿನಾರರ ಲೆಕ್ಕದ) 68 ಬರಬೇಕು. ಇದು 98 ಅಂದಿತು. ಚಿಪ್ಪನ್ನು ಓದುವ ಸಿದ್ಧ ಪ್ರೋಗ್ರಾಂ (ಲೈಬ್ರರಿ) ಅದನ್ನು ಮಾತಾಡಿಸಲೇ ಇಲ್ಲ. ತಂದ ದಿನವೇ ಆ ರಿಜಿಸ್ಟರನ್ನು ಓದಿ ನೋಡಿ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು.

ನನ್ನ ಬಜೆಟ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ನಿಲ್ಲುವ ರೋಬೋ ಮಾಡುವವರು ಧೈರ್ಯವಾಗಿ ಕೊಳ್ಳಿ. ದಿಕ್ಕೂ ಬೇಕು ಅನ್ನುವವರು ಜೊತೆಗೊಂದು ಮ್ಯಾಗ್ನೆಟೋಮೀಟರ್ (ದಿಕ್ಸೂಚಿಯ ಹಾಗೆ ದಿಕ್ಕು ಹೇಳುವ ಚಿಪ್) ತಗೊಳ್ಳಿ, ಆದರೆ ಅದನ್ನು ರೋಬೋ ಮೋಟಾರುಗಳಿಂದ ದೂರ ಇಡಿ.